ಕಾಣಲಿಲ್ಲ ಅಂದರೆ ಇಲ್ಲ ಅಂತಲೇ?

ನನ್ನ ನೌಕರಿಯಲ್ಲಿ ನಾನು ಅತಿ ಹೆಚ್ಚು ಸಲ ಓದಿರುವ ವಾಕ್ಯ ಯಾವುದು ಅಂತ ಕೇಳಿದರೆ ಥಟ್ಟನೆ ಹೇಳಿಬಿಡಬಲ್ಲೆ: "ಸಂಖ್ಯಾಶಾಸ್ತ್ರೀಯವಾಗಿ ಗಮನಾರ್ಹವಾದ ಏರಿಕೆ ಕಂಡುಬಂದಿಲ್ಲ." ಮೂಲ ಇಂಗ್ಲಿಷಿನಲ್ಲಿರುತ್ತೆ, ಕನ್ನಡಕ್ಕೆ ತಂದರೆ ಹೀಗಾಗುತ್ತೆ. ನೋಡೋಕೆ ಎಷ್ಟು ಸಭ್ಯ ವಾಕ್ಯ! ಎಲ್ಲೂ ಸುಳ್ಳಿಲ್ಲ, ಯಾರನ್ನೂ ಬೈದಿಲ್ಲ, ಹೆದರಿಸಿಲ್ಲ. ಆದರೆ ಈ ವಾಕ್ಯ ಓದಿದ ಮೇಲೆ ಜನ ಏನು ನಂಬಿಕೊಂಡು ಮನೆಗೆ ಹೋಗುತ್ತಾರೆ ಅನ್ನೋದನ್ನ ನೋಡಿದಾಗಿಂದ ಇದರ ಜೊತೆ ನನ್ನ ಜಗಳ ನಡೆದೇ ಇದೆ.

ಕೆಲಸ ಏನು ಅಂತ ಮೊದಲು ಹೇಳಿಬಿಡ್ತೀನಿ. ಪರಿಸರದ ಡೇಟಾ ನೋಡುವ ಒಂದು ಸಣ್ಣ ಕನ್ಸಲ್ಟೆನ್ಸಿಯಲ್ಲಿದ್ದೇನೆ. ಮುಚ್ಚಿದ ಲ್ಯಾಂಡ್‌ಫಿಲ್‌ಗಳ, ಅಂದರೆ ಕಸದ ಗುಡ್ಡಗಳ, ಸುತ್ತ ನೆಲಕ್ಕೆ ತೂತಿರುವ ಪೈಪುಗಳನ್ನ ಇಳಿಸಿರುತ್ತಾರೆ. ಅದನ್ನ ಮಾನಿಟರಿಂಗ್ ವೆಲ್ ಅಂತಾರೆ. ಯಾರೋ ಒಬ್ಬರು ಮೀಟರ್ ಹಿಡಿದುಕೊಂಡು ಹೋಗಿ ಆ ಪೈಪಿನೊಳಗೆ ಮೀಥೇನ್ ಎಷ್ಟಿದೆ ಅಂತ ಅಳೆದು ಬರುತ್ತಾರೆ. ಆ ಅಂಕಿಗಳು ನನ್ನ ಟೇಬಲ್ಲಿಗೆ ಬರುತ್ತವೆ. ಅವು ಏರುತ್ತಿವೆಯೋ, ಇಳಿಯುತ್ತಿವೆಯೋ, ಸುಮ್ಮನೆ ಹೊಯ್ದಾಡುತ್ತಿವೆಯೋ ಅಂತ ಪರೀಕ್ಷೆ ಮಾಡೋದು ನಮ್ಮ ಪಾಲು.

ಇದಕ್ಕೂ ನಿಮಗೂ ಏನು ಸಂಬಂಧ ಅಂತೀರಾ? ನಿನ್ನೆ ರಾತ್ರಿ ನೀವು ಉಳಿದ ಚಿತ್ರಾನ್ನ ಎಸೆದಿರಲ್ಲ, ಅಲ್ಲಿಂದಲೇ ಸಂಬಂಧ ಶುರು. ಹಸಿ ಕಸ ಗಾಳಿಯಾಡದ ಕಡೆ ರಾಶಿ ಬಿದ್ದರೆ ಬ್ಯಾಕ್ಟೀರಿಯಾಗಳು ಅದನ್ನ ತಿಂದು ಗ್ಯಾಸ್ ಬಿಡುತ್ತವೆ. ಹೆಚ್ಚು ಕಡಿಮೆ ಅರ್ಧ ಮೀಥೇನ್, ಅರ್ಧ ಇಂಗಾಲದ ಡೈಆಕ್ಸೈಡ್. ಮೀಥೇನ್‌ಗೆ ತನ್ನದೇ ಆದ ವಾಸನೆ ಇಲ್ಲ, ಬಣ್ಣ ಇಲ್ಲ. ಗಾಳಿಯಲ್ಲಿ ಅದು ಶೇ. 5ರಿಂದ 15ರ ನಡುವೆ ಇದ್ದಾಗ ಒಂದು ಕಿಡಿ ಸಾಕು, ಸ್ಫೋಟ ಆಗುತ್ತೆ. ಬೆಂಗಳೂರಿನ ಕಸದ ಲಾರಿಗಳು 2012ರಲ್ಲಿ ಮಾವಳ್ಳಿಪುರಕ್ಕೆ ಹೋಗೋದು ನಿಂತಿತು, 2014ರ ಕೊನೆಗೆ ಮಂಡೂರಿಗೆ ಹೋಗೋದು ನಿಂತಿತು. ಊರಿನವರು ಹೋರಾಟ ಮಾಡಿ ನಿಲ್ಲಿಸಿದರು. ಆದರೆ ಯಾವುದೇ ಕಸದ ಗುಡ್ಡದ ಮಟ್ಟಿಗೆ ಲಾರಿ ನಿಂತ ದಿನವೇ ಗ್ಯಾಸ್ ನಿಲ್ಲೋದಿಲ್ಲ. ಒಳಗಿರುವ ಬ್ಯಾಕ್ಟೀರಿಯಾಗಳಿಗೆ ಯಾರೂ ನೋಟಿಸ್ ಕೊಟ್ಟಿರೋದಿಲ್ಲ. ಅವು ವರ್ಷಗಟ್ಟಲೆ, ದಶಕಗಟ್ಟಲೆ ತಮ್ಮ ಕೆಲಸ ಮಾಡುತ್ತಲೇ ಇರುತ್ತವೆ.

ಹಾಗಾಗಿಯೇ ಅಳೆಯೋದು. ಹಾಗಾಗಿಯೇ ಆ ಸಭ್ಯ ವಾಕ್ಯ.

ಒಂದು ಸಲ ಅಂಥ ರಿಪೋರ್ಟ್ ಒಂದನ್ನ ಊರಿನವರ ಮುಂದೆ ಓದುವ ಸಭೆಗೆ ಹೋಗಿದ್ದೆ. ಊರಿನ ಹೆಸರು ಬೇಡ. ಪರೀಕ್ಷೆ ಮಾಡಿದ್ದು ನಾವಲ್ಲ, ಬೇರೆಯವರು. ನಾನು ಹಿಂದಿನ ಕುರ್ಚಿಯಲ್ಲಿ ಕೂತಿದ್ದೆ. ವೇದಿಕೆ ಮೇಲಿದ್ದ ಎಂಜಿನಿಯರ್ ಆ ವಾಕ್ಯವನ್ನ ಓದಿದರು. ಕಾಂಪೌಂಡಿಗೆ ಹತ್ತಿಕೊಂಡೇ ಮನೆ ಇರುವ ಒಬ್ಬ ಹೆಂಗಸು ಎದ್ದು ನಿಂತು ಕೇಳಿದರು, "ಅಂದ್ರೆ ಗ್ಯಾಸು ಏರ್ತಾ ಇಲ್ಲ ಅಂತ ತಾನೇ ಸಾರ್?"

"ಹೌದಮ್ಮ. ಏನೂ ತೊಂದ್ರೆ ಇಲ್ಲ."

ಆಕೆ ಕೂತುಕೊಂಡರು. ಮುಂದಿನ ಪ್ರಶ್ನೆ ಬೀದಿದೀಪದ ಬಗ್ಗೆ ಇತ್ತು.

ಗಮನಿಸಿ, ಅರ್ಧ ನಿಮಿಷದಲ್ಲಿ ಮಾತು ಎರಡು ಹೆಜ್ಜೆ ಮುಂದೆ ಹೋಗಿತ್ತು. ರಿಪೋರ್ಟಿನಲ್ಲಿದ್ದದ್ದು "ಏರಿಕೆ ಕಂಡುಬಂದಿಲ್ಲ." ಆಕೆ ಅದನ್ನ "ಏರ್ತಾ ಇಲ್ಲ" ಅಂತ ಮಾಡಿಕೊಂಡರು. ಎಂಜಿನಿಯರ್ ಅದನ್ನ "ತೊಂದ್ರೆ ಇಲ್ಲ" ಅಂತ ಮಾಡಿದರು. ಒಂದೊಂದು ಹೆಜ್ಜೆಯೂ ಸಹಜ ಅನ್ನಿಸುತ್ತೆ. ಆದರೆ ಮೊದಲ ಮಾತಿನಿಂದ ಕೊನೆಯ ಮಾತಿಗೆ ದಾರಿಯೇ ಇಲ್ಲದಿರಬಹುದು. ಯಾಕೆ ಅಂತ ಹೇಳೋಕೆ ಸ್ವಲ್ಪ ಲೆಕ್ಕ ಮಾಡಬೇಕು. ಹೈಸ್ಕೂಲ್ ಲೆಕ್ಕ ಅಷ್ಟೇ, ಹೆದರಬೇಡಿ.

ಇಂಥ ಡೇಟಾಗೆ ಎಲ್ಲರೂ ಬಳಸುವ ಒಂದು ಪರೀಕ್ಷೆ ಇದೆ, ಮಾನ್-ಕೆಂಡಾಲ್ ಅಂತ. ಹೆನ್ರಿ ಮಾನ್ 1945ರಲ್ಲಿ ಪ್ರಕಟಿಸಿದ್ದು, ಮಾರಿಸ್ ಕೆಂಡಾಲ್ ಅವರ ಕೆಲಸದ ಮೇಲೆ ನಿಂತಿದ್ದು. ತುಂಬಾ ಸರಳ, ತುಂಬಾ ಚೆನ್ನಾಗಿದೆ. ಅಂಕಿಗಳನ್ನ ಕಾಲಕ್ರಮದಲ್ಲಿ ಬರೆಯಿರಿ. ಪ್ರತಿಯೊಂದು ಜೋಡಿಯನ್ನೂ ನೋಡಿ. ಆಮೇಲಿನದು ದೊಡ್ಡದಿದ್ದರೆ ಒಂದು ಕೂಡಿಸಿ, ಚಿಕ್ಕದಿದ್ದರೆ ಒಂದು ಕಳೆಯಿರಿ. ಕೊನೆಗೆ ಬಂದ ಮೊತ್ತ ಬರೀ ಅದೃಷ್ಟದಿಂದ ಬರಬಹುದಾದದ್ದೇ ಅಂತ ಕೇಳಿ. ಅದೃಷ್ಟದಿಂದ ಹಾಗಾಗುವ ಸಾಧ್ಯತೆ ಶೇ. 5ಕ್ಕಿಂತ ಕಡಿಮೆ ಇದ್ದರೆ "ಗಮನಾರ್ಹ" ಅಂತೀವಿ. ಇಲ್ಲದಿದ್ದರೆ ಆ ಸಭ್ಯ ವಾಕ್ಯ.

ಈಗ ಒಂದು ವರ್ಷದ ಡೇಟಾ ತಗೊಳ್ಳಿ. ಮೂರು ತಿಂಗಳಿಗೊಮ್ಮೆ ಅಳೆಯೋದು ಸಾಮಾನ್ಯ ಪದ್ಧತಿ. ಅಮೆರಿಕದ ಫೆಡರಲ್ ನಿಯಮದಲ್ಲೂ ಲ್ಯಾಂಡ್‌ಫಿಲ್‌ಗೆ ಕನಿಷ್ಠ ಅಷ್ಟೇ ಇರೋದು. ಅಂದರೆ ವರ್ಷಕ್ಕೆ ನಾಲ್ಕು ರೀಡಿಂಗ್. ಶೇ. 0.2, 0.5, 0.9, 1.6 ಅಂತ ಬಂತು ಅಂದ್ಕೊಳ್ಳಿ. ಪ್ರತಿ ಸಲವೂ ಹಿಂದಿನದಕ್ಕಿಂತ ಹೆಚ್ಚು. ಮಗು ನೋಡಿದರೂ ಏರ್ತಿದೆ ಅನ್ನುತ್ತೆ. ಪರೀಕ್ಷೆ ಏನನ್ನುತ್ತೆ?

ನಾಲ್ಕು ಅಂಕಿಗಳನ್ನ ಸಾಲಾಗಿ ಜೋಡಿಸೋಕೆ 24 ವಿಧ ಇದೆ. ಅದರಲ್ಲಿ ಪೂರ್ತಿ ಏರುವ ಸಾಲು ಒಂದು, ಪೂರ್ತಿ ಇಳಿಯುವ ಸಾಲು ಒಂದು. ಏರಿಕೆ, ಇಳಿಕೆ ಎರಡನ್ನೂ ಲೆಕ್ಕಕ್ಕೆ ತಗೊಳ್ಳೋ ಮಾಮೂಲಿ ಪದ್ಧತಿಯಲ್ಲಿ 24ರಲ್ಲಿ ಎರಡು, ಅಂದರೆ ಶೇ. 8.3. ಐದಕ್ಕಿಂತ ಜಾಸ್ತಿ. ಹಾಗಾಗಿ ಗಮನಾರ್ಹ ಅಲ್ಲ!

ಇನ್ನೊಂದು ಸಲ ಓದಿ. ನಾಲ್ಕು ರೀಡಿಂಗ್ ಇಟ್ಟುಕೊಂಡು ಈ ರೀತಿ ಪರೀಕ್ಷೆ ಮಾಡಿದರೆ, ಆ ಪೈಪಿನಲ್ಲಿ ಏನೇ ನಡೆಯುತ್ತಿರಲಿ, 0.2ರಿಂದ 20ಕ್ಕೇ ಏರಲಿ, ಉತ್ತರ ಮಾತ್ರ "ಗಮನಾರ್ಹ ಏರಿಕೆ ಕಂಡುಬಂದಿಲ್ಲ" ಅಂತಲೇ ಬರುತ್ತೆ. ಬೇರೆ ಉತ್ತರ ಬರೋಕೆ ಸಾಧ್ಯವೇ ಇಲ್ಲ. ಏರಿಕೆಯನ್ನು ಮಾತ್ರ ಹುಡುಕುವ ಪದ್ಧತಿಗೆ ಹೋದರೆ 24ರಲ್ಲಿ ಒಂದು, ಶೇ. 4.2, ಅಂತೂ ಪಾಸು. ಆದರೆ ಅಕ್ಕಪಕ್ಕದ ಒಂದೇ ಒಂದು ಜೋಡಿ ಅದಲುಬದಲಾದರೂ ಅದೂ ಫೇಲು. ಐದು ರೀಡಿಂಗ್ ಇದ್ದರೆ ಮಾಮೂಲಿ ಪದ್ಧತಿಯೇ ಮಾತಾಡುತ್ತೆ, ಆಗಲೂ ಎಲ್ಲವೂ ಸಾಲಾಗಿ ಏರಿದ್ದರೆ ಮಾತ್ರ.

ಆ ಸಭೆಯಲ್ಲಿ ಓದಿದ ರಿಪೋರ್ಟಿನಲ್ಲಿ ಇದ್ದದ್ದು ಒಂದು ವರ್ಷದ ಡೇಟಾ. ನಾಲ್ಕು ರೀಡಿಂಗ್.

ಬಾಯಿ ಕಟ್ಟಿ ಹಾಕಿದ ಸಾಕ್ಷಿಯನ್ನ ಕಟಕಟೆಗೆ ತಂದು ನಿಲ್ಲಿಸಿ, "ನೋಡಿ ಸ್ವಾಮಿ, ಇವನು ಏನೂ ಹೇಳ್ತಿಲ್ಲ, ಅಂದಮೇಲೆ ಏನೂ ನಡೆದಿಲ್ಲ" ಅಂದ ಹಾಗಾಯ್ತು ಇದು.

ನಮ್ಮ ಹಳೇ ತತ್ತ್ವಶಾಸ್ತ್ರದವರು ಈ ವಿಷಯದಲ್ಲಿ ತಲೆ ಕೆಡಿಸಿಕೊಂಡಿದ್ದರು ಅಂತ ಗೊತ್ತಾದಾಗ ನನಗೆ ನಿಜಕ್ಕೂ ಖುಷಿ ಆಯ್ತು. ಒಂದು ವಸ್ತು ಇಲ್ಲ ಅಂತ ನಮಗೆ ಹೇಗೆ ಗೊತ್ತಾಗುತ್ತೆ? "ಇಲ್ಲದಿರುವಿಕೆ" ಕಣ್ಣಿಗೆ ಕಾಣುವಂಥದ್ದಲ್ಲವಲ್ಲ. ಕುಮಾರಿಲ ಭಟ್ಟನ ಮೀಮಾಂಸಕರು, ಆಮೇಲೆ ಅದ್ವೈತಿಗಳು, ಇದಕ್ಕೆ ಅನುಪಲಬ್ಧಿ ಅಂತ ಪ್ರತ್ಯೇಕ ಪ್ರಮಾಣವನ್ನೇ ಒಪ್ಪಿದರು. ನೆಲದ ಮೇಲೆ ಕೊಡ ಕಾಣುತ್ತಿಲ್ಲ, ಆದ್ದರಿಂದ ಕೊಡ ಇಲ್ಲ. ಆದರೆ ಅದಕ್ಕೊಂದು ಷರತ್ತು ಹಾಕಿದರು, ಯೋಗ್ಯತೆ. ಕೊಡ ಅಲ್ಲಿ ಇದ್ದಿದ್ದರೆ ಕಾಣಲೇಬೇಕಿತ್ತು ಅನ್ನುವ ಸ್ಥಿತಿ ಇರಬೇಕು. ಬೆಳಕಿರಬೇಕು, ಕಣ್ಣು ಸರಿಯಿರಬೇಕು. ಆಗ ಕಾಣದಿದ್ದರೆ ಮಾತ್ರ ಇಲ್ಲ ಅನ್ನಬಹುದು. ಕತ್ತಲ ಕೋಣೆಯಲ್ಲಿ ಕೊಡ ಕಾಣದಿದ್ದರೆ ಅದರಿಂದ ಏನೂ ಸಿದ್ಧ ಆಗಲ್ಲ. ಧರ್ಮ, ಅಧರ್ಮ ಇವು ಕಣ್ಣಿಗೆ ಬೀಳುವಂಥವೇ ಅಲ್ಲ, ಹಾಗಾಗಿ ಕಾಣಲಿಲ್ಲ ಅಂತ ಅವು ಇಲ್ಲ ಅನ್ನುವಂತಿಲ್ಲ ಅಂತಲೂ ಹೇಳಿದರು. ಇದನ್ನ ಯೋಗ್ಯಾನುಪಲಬ್ಧಿ ಅಂತಾರೆ.

ಇವತ್ತಿನ ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ತೀರಾ ಹತ್ತಿರದ ಒಂದು ಮಾತಿದೆ: ಪರೀಕ್ಷೆಯ ಪವರ್. ನಿಜಕ್ಕೂ ಏರಿಕೆ ಇದ್ದಿದ್ದರೆ ಈ ಪರೀಕ್ಷೆ ಅದನ್ನ ಹಿಡಿಯುವ ಸಾಧ್ಯತೆ ಎಷ್ಟಿತ್ತು ಅನ್ನೋದು. ನಾಲ್ಕು ರೀಡಿಂಗಿನ ಆ ಮಾಮೂಲಿ ಪರೀಕ್ಷೆಗೆ ಪವರ್ ಸೊನ್ನೆ. ಕತ್ತಲ ಕೋಣೆ. ಆ ಹೆಂಗಸಿಗೆ ಯಾರೂ ಕೋಣೆಯಲ್ಲಿ ಕರೆಂಟ್ ಇರಲಿಲ್ಲ ಅಂತ ಹೇಳಲಿಲ್ಲ. ಕೊಡ ಇಲ್ಲ ಅಂತ ಹೇಳಿ ಕಳಿಸಿದರು.

ಇಲ್ಲಿವರೆಗಿನದ್ದು ಲೆಕ್ಕದ ವಿಷಯ. ಇದನ್ನ ನೀತಿಯ ಪ್ರಶ್ನೆ ಅಂತ ನಾನು ಯಾಕೆ ಕರೀತೀನಿ ಅಂದರೆ, ಆ ಶೇ. 5 ಎಲ್ಲಿಂದ ಬಂತು ಅಂತ ನೋಡಿದಾಗ ಅದರ ಹಿಂದೆ ಪ್ರಕೃತಿಯ ನಿಯಮ ಯಾವುದೂ ಸಿಗಲ್ಲ. ರೊನಾಲ್ಡ್ ಫಿಶರ್ 1925ರ ತಮ್ಮ ಪುಸ್ತಕದಲ್ಲಿ ಇಪ್ಪತ್ತರಲ್ಲಿ ಒಂದು ಅನ್ನೋದನ್ನ ಅನುಕೂಲಕರ ಗಡಿ ಅಂತ ಇಟ್ಟುಕೊಂಡರು. ಅದು ರೂಢಿಯಾಯ್ತು, ರೂಢಿ ಶಾಸ್ತ್ರವಾಯ್ತು. 2016ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರಜ್ಞರ ಸಂಘವೇ, ಬರೀ ಒಂದು ಗಡಿ ದಾಟಿತೋ ಇಲ್ಲವೋ ಅಂತ ನೋಡಿ ನಿರ್ಧಾರ ಮಾಡಬೇಡಿ ಅಂತ ಹೇಳಿಕೆ ಕೊಡಬೇಕಾಯ್ತು.

ಗಡಿ ಎಲ್ಲಿ ಇಡ್ತೀವಿ ಅನ್ನೋದು ಯಾವ ತಪ್ಪಿಗೆ ನಾವು ಹೆಚ್ಚು ಹೆದರುತ್ತೇವೆ ಅನ್ನೋದರ ಮೇಲೆ ನಿಂತಿದೆ. ಎರಡು ಥರದ ತಪ್ಪು ಆಗಬಹುದು. ಏರಿಕೆ ಇಲ್ಲದಿದ್ದರೂ ಇದೆ ಅನ್ನೋದು ಒಂದು. ಏರಿಕೆ ಇದ್ದರೂ ಹಿಡಿಯದೇ ಇರೋದು ಇನ್ನೊಂದು. ಮೊದಲ ತಪ್ಪಾದರೆ ಸೈಟ್ ನೋಡಿಕೊಳ್ಳುವವರಿಗೆ ಖರ್ಚು: ಇನ್ನಷ್ಟು ರೀಡಿಂಗ್, ಇನ್ನೊಂದೆರಡು ಪೈಪು, ಗ್ಯಾಸ್ ಹೊರಗೆ ಎಳೆಯುವ ವ್ಯವಸ್ಥೆ. ಎರಡನೇ ತಪ್ಪಾದರೆ ಅದರ ಬೆಲೆ ಕೊಡುವವರು ಕಾಂಪೌಂಡಿನ ಆಚೆ ಇರುವವರು. ಶೇ. 5ರ ಗಡಿ ಕಟ್ಟುನಿಟ್ಟಾಗಿ ಕಾಯೋದು ಮೊದಲ ತಪ್ಪನ್ನ ಮಾತ್ರ. ಎರಡನೇ ತಪ್ಪಿಗೆ ಗಡಿಯೇ ಹಾಕಿಲ್ಲ. ಅದು ಎಷ್ಟಾದರೂ ಆಗಲಿ ಅಂತ ಬಿಟ್ಟಿದ್ದೇವೆ. ಗಡಿ ಇಟ್ಟವರು ಒಬ್ಬರು, ರಿಸ್ಕ್ ಹೊತ್ತವರು ಇನ್ನೊಬ್ಬರು. ಹೊತ್ತವರನ್ನ ಯಾರೂ ಕೇಳಿಲ್ಲ.

ನೂರು ಅಪರಾಧಿಗಳು ತಪ್ಪಿಸಿಕೊಂಡರೂ ಒಬ್ಬ ನಿರಪರಾಧಿಗೆ ಶಿಕ್ಷೆ ಆಗಬಾರದು ಅಂತಾರಲ್ಲ, ಆ ಔದಾರ್ಯವನ್ನೇ ನಾವಿಲ್ಲಿ ಮೀಥೇನ್‌ಗೆ ತೋರಿಸ್ತಾ ಇದ್ದೇವೆ. ಸಂಶಯದ ಲಾಭ ಅನಿಲಕ್ಕೆ! ಮನುಷ್ಯನ ವಿಷಯದಲ್ಲಿ ಆ ಮಾತು ಸರಿ, ಯಾಕೆಂದರೆ ಅವನಿಗೆ ಹಕ್ಕಿದೆ, ಮಾನ ಇದೆ, ಜೈಲಿನಲ್ಲಿ ಕಳೆದ ವರ್ಷ ವಾಪಸ್ ಬರಲ್ಲ. ಗ್ಯಾಸಿಗೆ ಯಾವ ಹಕ್ಕು? ನಮ್ಮ ಸುಪ್ರೀಂ ಕೋರ್ಟ್ 1996ರಲ್ಲೇ ವೆಲ್ಲೂರು ಚರ್ಮ ಹದ ಮಾಡುವ ಕಾರ್ಖಾನೆಗಳ ಪ್ರಕರಣದಲ್ಲಿ ಇದನ್ನ ತಿರುಗಿಸಿ ಹೇಳಿತು. ವೈಜ್ಞಾನಿಕ ಖಚಿತತೆ ಇಲ್ಲ ಅನ್ನೋದು ಮುನ್ನೆಚ್ಚರಿಕೆ ಮುಂದೂಡಲು ನೆಪ ಆಗಬಾರದು, ತನ್ನ ಕೆಲಸದಿಂದ ಪರಿಸರಕ್ಕೆ ಹಾನಿ ಇಲ್ಲ ಅಂತ ತೋರಿಸುವ ಹೊಣೆ ಆ ಕೆಲಸ ಮಾಡುವವನ ಮೇಲಿರುತ್ತೆ ಅಂತ. ಕಾನೂನು ಹೊಣೆಯನ್ನ ಒಬ್ಬರ ಹೆಗಲಿಗೆ ಹಾಕಿದೆ. ರಿಪೋರ್ಟಿನ ಒಂದು ವಾಕ್ಯ ಅದನ್ನ ಸದ್ದಿಲ್ಲದೆ ಇನ್ನೊಬ್ಬರ ಹೆಗಲಿಗೆ ದಾಟಿಸಿಬಿಡುತ್ತೆ.

ಹಾಗಂತ ಪರೀಕ್ಷೆಯೇ ಬೇಡ, ಕಣ್ಣಿಗೆ ಏರಿದಂತೆ ಕಂಡರೆ ಸಾಕು, ಸೈರನ್ ಊದೋಣ ಅನ್ನೋಕಾಗುತ್ತಾ? ಆಗಲ್ಲ. ನಮ್ಮ ಕಣ್ಣು ಮೋಡದಲ್ಲೂ ಆನೆ ಹುಡುಕುವಂಥದ್ದು. ಏನೂ ಬದಲಾಗದ 20 ಪೈಪುಗಳನ್ನ ಒಂದಕ್ಕೊಂದು ಸಂಬಂಧವಿಲ್ಲದಂತೆ ಪರೀಕ್ಷೆ ಮಾಡಿದರೂ, ಶೇ. 5ರ ಗಡಿಯಲ್ಲಿ ಕನಿಷ್ಠ ಒಂದಾದರೂ ಸುಳ್ಳು ಅಲಾರಂ ಕೊಡುವ ಸಾಧ್ಯತೆ ಶೇ. 64. ಪ್ರತಿ ಸಲ ಊರು ಖಾಲಿ ಮಾಡಿಸಿದರೆ ನಾಲ್ಕನೇ ಸಲ ಯಾರೂ ಮನೆ ಬಿಟ್ಟು ಬರಲ್ಲ. ತೋಳ ಬಂತು ತೋಳ ಕಥೆ ಎಲ್ಲರಿಗೂ ಗೊತ್ತು. ಅದೂ ಅಲ್ಲದೆ ಮೀಥೇನ್ ಋತುವಿಗೆ ತಕ್ಕ ಹಾಗೆ ಏರಿಳಿಯುತ್ತೆ. ಮಳೆಗಾಲದಲ್ಲಿ ನೆಲದ ಮೇಲ್ಪದರ ನೆನೆದು ಮುಚ್ಚಿಕೊಂಡರೆ ಮೇಲೆ ಹೋಗಬೇಕಾದ ಗ್ಯಾಸ್ ಪಕ್ಕಕ್ಕೆ ಸರಿಯಬಹುದು. ಮಾರ್ಚ್ ರೀಡಿಂಗನ್ನ ಆಗಸ್ಟಿನ ಜೊತೆ ಹೋಲಿಸಿ ಗಾಬರಿಯಾದರೆ ಅದೂ ಮೂರ್ಖತನವೇ. ಇದಕ್ಕಾಗಿಯೇ 1982ರಲ್ಲಿ ಹರ್ಷ್, ಸ್ಲ್ಯಾಕ್, ಸ್ಮಿತ್ ಅನ್ನುವವರು ಮಾರ್ಚನ್ನು ಮಾರ್ಚಿಗೇ, ಆಗಸ್ಟನ್ನು ಆಗಸ್ಟಿಗೇ ಹೋಲಿಸುವ ಪದ್ಧತಿಯನ್ನ ನೀರಿನ ಗುಣಮಟ್ಟದ ಅಧ್ಯಯನಕ್ಕೆ ತಂದರು. ಈ ಪರೀಕ್ಷೆಗಳು ಹುಟ್ಟಿದ್ದು ನಮ್ಮನ್ನ ನಾವೇ ಮೋಸಗೊಳಿಸಿಕೊಳ್ಳಬಾರದು ಅಂತ. ಆ ಉದ್ದೇಶಕ್ಕೆ ನನ್ನ ಪೂರ್ತಿ ಗೌರವ ಇದೆ.

ಆದರೆ ಪರೀಕ್ಷೆ ನೋಡೋದು ನಾವು ಕೊಟ್ಟ ಅಂಕಿಗಳನ್ನ ಮಾತ್ರ. ಅಳೆಯದ ದಿನದ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ. ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ ಲಾಸ್ಕೋ ಅಂತ ಒಂದು ಊರಿದೆ. ಅಲ್ಲಿ ಇಟ್ಟಿಗೆ ಮಣ್ಣು ತೆಗೆದ ಹಳ್ಳವನ್ನ ಕಸದಿಂದ ತುಂಬಿ ಮುಚ್ಚಿದ್ದರು. 1986ರ ಮಾರ್ಚ್ 24ರ ಬೆಳಗಿನ ಜಾವ ಹತ್ತಿರದ ಒಂದು ಮನೆ ಸ್ಫೋಟಗೊಂಡು ನೆಲಸಮ ಆಯ್ತು. ಒಳಗಿದ್ದ ಮೂವರಿಗೆ ತೀವ್ರ ಗಾಯ, ಜೀವ ಉಳಿದಿದ್ದೇ ಪುಣ್ಯ. ಆ ರಾತ್ರಿ ವಾಯುಭಾರ ಏಳು ಗಂಟೆಯಲ್ಲಿ 29 ಮಿಲಿಬಾರ್ ಕುಸಿದಿತ್ತು. ಮೇಲಿನ ಗಾಳಿಯ ಒತ್ತಡ ಇಳಿದಾಗ ನೆಲದೊಳಗಿನ ಗ್ಯಾಸ್ ಹೊರಗೆ ನುಗ್ಗುತ್ತೆ. ಅದು ಬಂಡೆಯ ಬಿರುಕುಗಳಲ್ಲಿ ಸಾಗಿ ಮನೆಯ ತಳಕ್ಕೆ ಬಂದು ಸೇರಿಕೊಂಡಿತ್ತು. ಬಿಸಿಲಿರುವ ಬುಧವಾರ ಮಧ್ಯಾಹ್ನ, ಒತ್ತಡ ಸ್ಥಿರವಾಗಿರುವಾಗ, ಮೀಟರ್ ಹಿಡಿದು ಹೋದವನಿಗೆ ಇಂಥ ರಾತ್ರಿಯ ಸುಳಿವು ಸಿಗೋದು ಕಷ್ಟ. ಯಾವಾಗ ಅಳೆಯುತ್ತೀರಿ ಅನ್ನೋದೂ ಕತ್ತಲು-ಬೆಳಕಿನ ಪ್ರಶ್ನೆಯೇ.

ಹಾಗಾದರೆ ಪ್ರಾಮಾಣಿಕ ವಾಕ್ಯ ಹೇಗಿರುತ್ತೆ? ನಮ್ಮದೇ ಇನ್ನೊಂದು ಸೈಟಿನ ರಿಪೋರ್ಟ್ ತಯಾರಾಗುವಾಗ ಇದನ್ನ ನಮ್ಮ ಸೀನಿಯರ್ ಹತ್ತಿರ ತೆಗೆದೆ. ಅಲ್ಲೂ ನಾಲ್ಕೇ ರೀಡಿಂಗ್.

"ಸರ್, 'ಏರಿಕೆ ಕಂಡುಬಂದಿಲ್ಲ' ಅನ್ನೋ ಬದಲು 'ಏರುತ್ತಿದೆಯೋ ಇಲ್ಲವೋ ಹೇಳಲು ಈ ಡೇಟಾ ಸಾಲದು' ಅಂತ ಹಾಕೋಣ್ವಾ?"

ಅವರು ನಕ್ಕರು. "ಕ್ಲೈಂಟ್ ಏನಂತಾರೆ ಗೊತ್ತಾ? ದುಡ್ಡು ಕೊಟ್ಟಿದ್ದು ಗೊತ್ತಿಲ್ಲ ಅನ್ನಿಸಿಕೊಳ್ಳೋಕಾ ಅಂತಾರೆ."

"ಗೊತ್ತಿಲ್ಲ ಅನ್ನೋದೇ ನಿಜ ಅಲ್ವಾ ಸರ್?"

ಸ್ವಲ್ಪ ಹೊತ್ತು ಸ್ಕ್ರೀನ್ ನೋಡಿದರು. ಆಮೇಲೆ, "ಎರಡೂ ಹಾಕು. ಇನ್ನೆಷ್ಟು ರೀಡಿಂಗ್ ಬೇಕು ಅಂತಲೂ ಬರಿ. ಬರೀ ಗೊತ್ತಿಲ್ಲ ಅಂದ್ರೆ ಕೈ ತೊಳ್ಕೊಂಡ ಹಾಗಾಗತ್ತೆ."

ಅವರ ಮಾತಿನ ಕೊನೆಯ ಭಾಗ ನನ್ನ ವಾದಕ್ಕಿಂತ ಒಳ್ಳೆಯದಿತ್ತು ಅಂತ ಈಗಲೂ ಅನ್ಸುತ್ತೆ. ರಿಪೋರ್ಟ್ ಹೋಯ್ತು. ತಿಂಗಳಿಗೊಮ್ಮೆ ಅಳೆದರೆ ಎಷ್ಟು ಖರ್ಚಾಗುತ್ತೆ ಅಂತ ಅವರಿಂದ ಒಂದು ಫೋನ್ ಬಂತು. ಅದು ಇನ್ನೂ ಮಾತುಕತೆಯಲ್ಲೇ ಇದೆ.

"ಗೊತ್ತಿಲ್ಲ" ಅನ್ನುವ ಮಾತಿಗೂ ಅಳತೆ ಕೊಡಬಹುದು. 1968ರಲ್ಲಿ ಪ್ರಣಬ್ ಕುಮಾರ್ ಸೇನ್ ಅನ್ನುವ, ಕೋಲ್ಕತ್ತಾದಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞರು ಏರಿಕೆಯ ವೇಗ ಅಂದಾಜು ಮಾಡುವ ವಿಧಾನವನ್ನ ಬೆಳೆಸಿದರು. ಎಲ್ಲಾ ಜೋಡಿಗಳ ಇಳಿಜಾರು ಲೆಕ್ಕ ಹಾಕಿ ನಡುವಿನದನ್ನ ಆರಿಸೋದು. ಅದರಿಂದ "ಏರಿಕೆ ಇಷ್ಟರಿಂದ ಇಷ್ಟರ ನಡುವೆ ಎಲ್ಲಿ ಬೇಕಾದರೂ ಇರಬಹುದು" ಅಂತ ಒಂದು ವ್ಯಾಪ್ತಿ ಕೊಡಬಹುದು. ಆ ಮನೆಯವರಿಗೆ ಬೇಕಿರುವುದು ಆ ವ್ಯಾಪ್ತಿಯ ಮೇಲಿನ ತುದಿ. ಅಲ್ಲಿ ನಿಂತು ನೋಡಿದರೆ ಅವರ ಗೋಡೆಯ ತನಕ ಮೀಥೇನ್ ಯಾವಾಗ ಬರಬಹುದು? ಬರೋಕೆ ಮುಂಚೆ ಮುಂದಿನ ರೀಡಿಂಗ್ ಆಗಿರುತ್ತಾ? "ಗಮನಾರ್ಹ ಅಲ್ಲ" ಅನ್ನೋದು ಈ ಪ್ರಶ್ನೆಗಳ ಮೇಲೆ ಹೊದಿಸಿದ ಚಾದರ.

ನೀವು ಐಟಿಯಲ್ಲಿದ್ದರೆ ನಿಮ್ಮ ಎ/ಬಿ ಟೆಸ್ಟಿಂಗ್‌ನಲ್ಲೂ ಇದೇ ವಾಕ್ಯ ಬರುತ್ತೆ. ಬಟನ್ ಹಸಿರಿರಲಿ ನೀಲಿಯಿರಲಿ, ಗಮನಾರ್ಹ ವ್ಯತ್ಯಾಸ ಇಲ್ಲ. ಅಲ್ಲಿ ಅದನ್ನ "ಏನೂ ವ್ಯತ್ಯಾಸ ಇಲ್ಲ" ಅಂತ ಓದಿಕೊಂಡು ಊಟಕ್ಕೆ ಹೋದರೆ ಯಾರ ಮನೆಯೂ ಸುಡಲ್ಲ. ತೊಂದರೆ ಅಂದರೆ, ಆ ಅಭ್ಯಾಸ ನಮ್ಮ ಜೊತೆಗೇ ಬೇರೆ ಕಡೆಗೂ ಬರುತ್ತೆ. ಔಷಧಿಯ ಅಡ್ಡಪರಿಣಾಮ, ಸೇತುವೆಯ ಬಿರುಕು, ಕೆರೆಯ ನೀರು. ಒಂದೇ ವಾಕ್ಯ, ಆದರೆ ತಪ್ಪಾದರೆ ಬೀಳುವ ಪೆಟ್ಟು ಒಂದೇ ಅಲ್ಲ. ಎಷ್ಟು ಪುರಾವೆ ಸಾಕು ಅನ್ನೋದನ್ನ ಆ ಪೆಟ್ಟು ನೋಡಿ ನಿರ್ಧರಿಸಬೇಕು, ಯಾರಿಗೆ ಬೀಳುತ್ತೋ ಅವರನ್ನ ಕೂರಿಸಿಕೊಂಡು ನಿರ್ಧರಿಸಬೇಕು.

ನಮ್ಮ ಘನತ್ಯಾಜ್ಯ ನಿರ್ವಹಣಾ ನಿಯಮ 2016 ಎರಡು ಮಾತು ಹೇಳಿತು. ಲ್ಯಾಂಡ್‌ಫಿಲ್ ಜಾಗದಲ್ಲಿ ಮೀಥೇನ್ ಸ್ಫೋಟದ ಕೆಳಮಿತಿಯ ಶೇ. 25ನ್ನು ಮೀರಬಾರದು, ಅಂದರೆ ಗಾಳಿಯಲ್ಲಿ ಶೇ. 1.25. ಮುಚ್ಚಿದ ಮೇಲೂ ಕನಿಷ್ಠ 15 ವರ್ಷ ಆ ಜಾಗವನ್ನ ನೋಡಿಕೊಳ್ಳಬೇಕು. ಮಿತಿ ಮೀರಿದ್ದರೆ ಏರಿಕೆ ಗಮನಾರ್ಹವೋ ಅಲ್ಲವೋ ಅಂತ ಕಾಯುವ ಅಗತ್ಯವೇ ಇಲ್ಲ. ಮೀರಿಲ್ಲದಿದ್ದರೆ, 15 ವರ್ಷ ಮೂರು ತಿಂಗಳಿಗೊಮ್ಮೆ ಅಳೆದರೂ 60 ರೀಡಿಂಗ್ ಆಗುತ್ತೆ. ಒತ್ತಡ ಇಳಿದ ದಿನಗಳನ್ನೂ ಬಿಡದೆ ಸರಿಯಾಗಿ ತೆಗೆದ 60 ರೀಡಿಂಗ್ ಮುಂದೆ ನಿಧಾನದ ಏರಿಕೆಗೆ ಬಚ್ಚಿಟ್ಟುಕೊಳ್ಳಲು ಜಾಗ ಕಡಿಮೆ. ಆಗ "ಕಂಡುಬಂದಿಲ್ಲ" ಅಂದರೆ ನಾನೂ ನಂಬುತ್ತೇನೆ.

ಅಲ್ಲಿಯವರೆಗೆ, ನಿಮ್ಮ ಅಪಾರ್ಟ್‌ಮೆಂಟ್ ಹಿಂದಿನ ಕೆರೆಯದ್ದೋ, ಊರಾಚೆಯ ಗುಡ್ಡದ್ದೋ ಇಂಥ ರಿಪೋರ್ಟ್ ಕೈಗೆ ಸಿಕ್ಕರೆ ಕೊನೆಯ ಪುಟಕ್ಕೆ ಹಾರಬೇಡಿ. ಟೇಬಲ್ ತೆಗೆದು ರೀಡಿಂಗ್ ಎಣಿಸಿ. ಯಾವ ದಿನ ಅಳೆದರು ನೋಡಿ. ಆಮೇಲೆ ಓದಿದವರನ್ನ ಒಂದೇ ಒಂದು ಪ್ರಶ್ನೆ ಕೇಳಿ: "ಏರಿದ್ದಿದ್ರೆ ನಿಮಗೆ ಗೊತ್ತಾಗ್ತಿತ್ತಾ ಸಾರ್?"